ಚೆಸ್ ಬರಹದಲ್ಲಿ ‘ಆನೆ’ ಅಂದರೆ ಯಾವ ಕಾಯಿ?

ಗೆಳೆಯರೇ,

2013ರ ಜನವರಿಯಲ್ಲಿ ನೆದರ್‌ಲೆಂಡ್ಸ್‌ನ ವೈಕ್ ಆನ್ ಜೀ ಟೂರ್ನಿಯಲ್ಲಿ ವಿಶ್ವನಾಥನ್ ಆನಂದ್ ಕಪ್ಪು ಕಾಯಿ ಹಿಡಿದು ಲೆವೊನ್ ಆರೋನಿಯನ್ ಅವರನ್ನು ಸೋಲಿಸಿದರಲ್ಲ, ಆ ಆಟದ ಬಗ್ಗೆ ಬರೆಯುತ್ತಿದ್ದೇನೆ. 23 ನಡೆಗೇ ಮುಗಿದ ಆಟ. ಕಾಯಿಗಳ ಹೆಸರಿನಲ್ಲಿ ಸ್ವಲ್ಪ ತೊಡಕಿದೆ.

ಬಿಳಿಯ ಮೊದಲ ನಡೆ ಮಂತ್ರಿಯ ಮುಂದಿನ ಕಾಲಾಳಿನದು. ಮಂತ್ರಿಯೋ ರಾಣಿಯೋ ಅನ್ನುವ ತಕರಾರು ದೊಡ್ಡದಲ್ಲ, ಯಾವುದು ಬರೆದರೂ ಕಾಯಿ ಗೊತ್ತಾಗುತ್ತದೆ. ಆಟದ ಆರಂಭದ ನಡೆಗಳ ಕ್ರಮಕ್ಕಿರುವ ಸೆಮಿ-ಸ್ಲಾವ್, ಮೆರಾನ್ ಹೆಸರುಗಳನ್ನೂ ಹಾಗೇ ಬಿಟ್ಟಿದ್ದೇನೆ. ಸುಮ್ನೆ ಕನ್ನಡಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಕಷ್ಟ ಇರುವುದು ಆನೆಯಲ್ಲಿ. ಕೆಲವರಿಗೆ ನೇರ ಹೋಗುವ ಕಾಯಿ ಆನೆ, ಓರೆ ಹೋಗುವುದು ಒಂಟೆ. ಇನ್ನು ಕೆಲವರಿಗೆ ನೇರದ್ದು ರಥ, ಓರೆಯದು ಆನೆ. ಹಳೆಯ ಚತುರಂಗಕ್ಕೆ ಹತ್ತಿರ ಇರುವುದು ಎರಡನೆಯದೇ. ಅರಬ್ಬರೂ ಓರೆ ಕಾಯಿಯನ್ನು ‘ಫೀಲ್’ ಎಂದೇ ಕರೆದರು, ಅಂದರೆ ಆನೆ. ರಷ್ಯನ್ನರಿಗೆ ಇವತ್ತಿಗೂ ಅದು ಆನೆಯೇ.

ಈಗ ಈ ಆಟ ನೋಡಿ. 15ನೇ ನಡೆಯಲ್ಲಿ ಆನಂದ್ ಓರೆ ಕಾಯಿಯನ್ನು ಕಾಲಾಳಿನ ಬಾಯಿಗೇ ಇಟ್ಟರು. ಅದರ ಹಿಂದೆಯೇ ಒಂದು ಕುದುರೆಯನ್ನೂ! 19ರಲ್ಲಿ ಬಿಳಿ ಕುದುರೆ ಅವರ ನೇರ ಕಾಯಿಯನ್ನು ಹೊಡೆಯಿತು. ಆನಂದ್ ಆ ಕುದುರೆಯನ್ನು ತಕ್ಷಣ ಹೊಡೆಯಲಿಲ್ಲ, ಕಾಲಾಳೊಂದನ್ನು ಮುಂದೆ ನೂಕಿದರು. ‘ಕುದುರೆ ಆನೆಯನ್ನು ಹೊಡೆಯಿತು’ ಅಂತ ಬರೆದರೆ ಎಷ್ಟೋ ಜನ ಓರೆ ಕಾಯಿ ಹೋಯಿತು ಅಂದುಕೊಳ್ಳುತ್ತಾರೆ. ಆದರೆ ಆಟ ಗೆಲ್ಲಿಸಿದ್ದೇ ಆನಂದ್ ಅವರ ಎರಡು ಓರೆ ಕಾಯಿಗಳ ಜೋಡಿ. ಕೊನೆಗೆ ಒಂದು ಬಿ7 ಮನೆಯಿಂದ ಬಿಳಿ ರಾಜನ ಪಕ್ಕದ ಕಾಲಾಳನ್ನು ಅಲುಗದಂತೆ ಕಟ್ಟಿಹಾಕಿತ್ತು. ಇನ್ನೊಂದು ಇ3ಕ್ಕೆ ಬಂದು ಬಿಳಿ ಮಂತ್ರಿಗೆ ಅಡ್ಡ ನಿಂತಿತು. ಎಚ್3ರಲ್ಲಿ ಮೇಟ್ ಕಾದಿತ್ತು. ಆರೋನಿಯನ್ ಸೋಲೊಪ್ಪಿದರು. (ಇಂಥ ಕಡೆ ಇಂಗ್ಲಿಷಿನ ‘ರಿಸೈನ್’ ನೋಡಿ ‘ರಾಜೀನಾಮೆ ಕೊಟ್ಟರು’ ಅಂತ ದಯವಿಟ್ಟು ಬರೆಯಬೇಡಿ.)

ಸದ್ಯ ನಾನು ರಥ, ಒಂಟೆ ಅಂತ ಬರೆದಿದ್ದೇನೆ. ಗೊಂದಲ ಇಲ್ಲ, ನಿಜ. ಆದರೆ ಆನೆಯೇ ಇಲ್ಲದ ಚದುರಂಗ ಓದೋಕೆ ಒಂಥರಾ ಅಲ್ವಾ? ನಿಮ್ಮ ಕಡೆ ಏನಂತಾರೆ? ಜಿಲ್ಲೆಯ ಹೆಸರನ್ನೂ ಸೇರಿಸಿ ಬರೆದರೆ ಅನುಕೂಲ. ಹಾಗೇ, ‘ಪಿನ್’ (ಅಲುಗಿದರೆ ಹಿಂದಿನ ಕಾಯಿ ಬಯಲಾಗುವುದರಿಂದ ಮುಂದಿನ ಕಾಯಿ ಸಿಕ್ಕಿಬೀಳುವುದು) ಅನ್ನುವುದಕ್ಕೆ ನಾನು ಬಳಸಿರುವ ‘ಕಟ್ಟಿಹಾಕು’ ಆಟಗಾರರ ಬಾಯಲ್ಲಿ ಇದೆಯಾ, ಅಥವಾ ಬೇರೆ ಮಾತು ಉಂಟಾ?