ಸಹಾಯ ಬೇಕು: ಹೊಲದಲ್ಲಿ ಮದುವೆ, ಮಳೆ ಬಂದರೆ?

ಎಲ್ಲರಿಗೂ ಶರಣು. ಜೂನ್ ಎರಡನೇ ವಾರ ತಂಗಿಯ ಮದುವೆ, ಕಲಬುರಗಿ ಹತ್ತಿರ ನಮ್ಮ ಹೊಲದಲ್ಲೇ. ಬೀಗರು ಪುಣೆಯಿಂದ ಬರುತ್ತಾರೆ. ಬಯಲಲ್ಲೇ ಆಗಬೇಕು ಅನ್ನೋದು ಅವಳ ಆಸೆ, ಅದನ್ನು ತಪ್ಪಿಸಲು ಮನಸ್ಸಿಲ್ಲ. ಆದರೆ ಅದು ಮೃಗಶಿರಾ ಮಳೆಯ ಹೊತ್ತು ಅಲ್ವಾ? ಮಳೆಗಿಂತ ಮೊದಲು ಬೀಸುವ ಗಾಳಿಯದೇ ಜಾಸ್ತಿ ಭಯ. ಬಟ್ಟೆ ಶಾಮಿಯಾನ ನಿಲ್ಲುವುದಿಲ್ಲ. ಕಬ್ಬಿಣದ ಚೌಕಟ್ಟಿನ ವಾಟರ್‌ಪ್ರೂಫ್ ಪೆಂಡಾಲ್ ಹಾಕುವವರು ಗೊತ್ತಿದ್ದರೆ ಹೇಳಿ.

ಇನ್ನೊಂದು, ನಮ್ಮದು ಎರೆ ಭೂಮಿ. ಒಂದು ಹದ ಮಳೆಗೇ ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ, ಕಾರು ಹೂತು ಹೋಗುತ್ತದೆ. ವಯಸ್ಸಾದವರು ಹೇಗೆ ನಡೆಯಬೇಕು? ದಾರಿಗೆ, ಊಟದ ಜಾಗಕ್ಕೆ ಮುರುಮ್ (ಗರಸು ಮಣ್ಣು) ಹಾಕಿಸಿದರೆ ಸಾಕಾ, ಮೇಲೆ ಹಲಗೆಯೂ ಬೇಕಾ? ಸಿಡಿಲಿನ ಸೂಚನೆ ಸಿಕ್ಕರೆ ಎಲ್ಲರನ್ನೂ ಕರೆದೊಯ್ಯಲು ಒಂದು ಕಲ್ಯಾಣ ಮಂಟಪ ಮಾತಾಡಿದ್ದೇವೆ. ಅಡುಗೆಯನ್ನು ಅಲ್ಲೇ ಮಾಡಿಸುವುದು ಒಳ್ಳೆಯದಾ? ಹೀಗೆ ಮದುವೆ ಮಾಡಿದವರು ದಯವಿಟ್ಟು ತಿಳಿಸಿ.