ಪದಚರ್ಚೆ: ‘ತಪ್ಪಾಗಿದೆ’ ಮತ್ತು ‘ತಪ್ಪಿದೆ’, ಆಪ್ಟಿಮೈಜರಿನ ಎರಡು ಬಗೆಯ ಬಗ್‌ಗಳಿಗೆ

ಎಲ್ಲರಿಗೂ ನಮಸ್ಕಾರ.

ಡೇಟಾಬೇಸ್ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಮ್ಮಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಇಂಗ್ಲಿಷ್ ಕೈಪಿಡಿಯನ್ನು ಓದಬಲ್ಲರು. ಆದರೆ ರಾತ್ರಿ ಓಡಬೇಕಾದ ರಿಪೋರ್ಟ್ ಬೆಳಗಾದರೂ ಮುಗಿಯದಿದ್ದಾಗ ‘ಯಾಕೆ ಹೀಗಾಯಿತು’ ಎಂದು ತಮ್ಮೊಳಗೆ ತರ್ಕ ಮಾಡುವುದು ಕನ್ನಡದಲ್ಲೇ. ಆ ತರ್ಕಕ್ಕೆ ಒದಗುವ ಮಾತುಗಳು ಬೇಕು. ಕ್ವೆರಿ ಆಪ್ಟಿಮೈಜರಿನ ಬಗ್‌ಗಳನ್ನು ಹುಡುಕಿ ಸರಿಪಡಿಸುವ ಅಧ್ಯಾಯಕ್ಕೆ ಬಂದು ಕೆಲವು ಪದಗಳ ಮುಂದೆ ನಿಂತಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಈ ಕ್ಷೇತ್ರದವರಲ್ಲದವರಿಗಾಗಿ ಎರಡು ಮಾತು. ಕ್ವೆರಿ ಎಂದರೆ ಡೇಟಾಬೇಸಿಗೆ ಹಾಕುವ ಪ್ರಶ್ನೆ. ಅದರಲ್ಲಿ ನಮಗೇನು ಬೇಕು ಎಂಬುದನ್ನಷ್ಟೇ ಹೇಳುತ್ತೇವೆ, ಅದನ್ನು ಹೇಗೆ ತರಬೇಕೆಂದು ಹೇಳುವುದಿಲ್ಲ. ಯಾವ ಟೇಬಲ್ಲನ್ನು ಮೊದಲು ತೆರೆಯಬೇಕು, ಇಂಡೆಕ್ಸ್ (ಬೇಕಾದ ಸಾಲು ಎಲ್ಲಿದೆ ಎಂದು ತೋರಿಸುವ ಸೂಚಿ) ಹಿಡಿದು ಹೋಗಬೇಕೋ ಇಡೀ ಟೇಬಲ್ಲನ್ನು ಓದಿಬಿಡಬೇಕೋ, ಎರಡು ಟೇಬಲ್ಲುಗಳನ್ನು ಯಾವ ವಿಧಾನದಲ್ಲಿ ಜೋಡಿಸಬೇಕು, ಇವನ್ನೆಲ್ಲ ತೀರ್ಮಾನಿಸುವುದು ಆಪ್ಟಿಮೈಜರ್. ಐಬಿಎಂನಲ್ಲಿ ಸಿಸ್ಟಮ್ ಆರ್ ಎಂಬ ಪ್ರಾಯೋಗಿಕ ಡೇಟಾಬೇಸ್ ಕಟ್ಟಿದ ತಂಡದ ಪೆಟ್ರೀಶಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಲೇಖನದ ಚೌಕಟ್ಟನ್ನೇ ಇವತ್ತಿನ ಬಹುತೇಕ ಆಪ್ಟಿಮೈಜರುಗಳು ಹಿಗ್ಗಿಸಿಕೊಂಡು ಬಂದಿವೆ: ಸಾಧ್ಯವಿರುವ ಹಾದಿಗಳನ್ನು ಎಣಿಸು, ಒಂದೊಂದಕ್ಕೂ ತಗಲುವ ಖರ್ಚನ್ನು ಅಂದಾಜು ಮಾಡು, ಕಡಿಮೆ ಖರ್ಚಿನದನ್ನು ಹಿಡಿ.

‘ಆಪ್ಟಿಮೈಜರ್’ ಎಂಬುದಕ್ಕೆ ‘ಉತ್ತಮೀಕಾರಕ’ ಎಂದು ಬರೆದು ಹೊಡೆದುಹಾಕಿದೆ. ಬಾಯಿಗೆ ಬರುವುದಿಲ್ಲ ಎನ್ನುವುದಕ್ಕಿಂತ, ಅದು ಸುಳ್ಳು ಹೇಳುತ್ತದೆ ಎಂಬುದು ನನ್ನ ತಕರಾರು. ಈ ಯಂತ್ರ ಅತ್ಯುತ್ತಮವಾದುದನ್ನು ಕೊಡುವುದಿಲ್ಲ, ತನ್ನ ಅಂದಾಜಿನ ಪ್ರಕಾರ ಅಗ್ಗವಾದುದನ್ನು ಕೊಡುತ್ತದೆ. ಹೆಸರು ಆಪ್ಟಿಮೈಜರ್ ಎಂದೇ ಇರಲಿ, ಟ್ರ್ಯಾಕ್ಟರು ಟ್ರ್ಯಾಕ್ಟರೇ ಆಗಿ ಉಳಿದ ಹಾಗೆ. ಅದು ಮಾಡುವ ಕೆಲಸಕ್ಕೆ, ಅದು ಎಡವುವ ಬಗೆಗೆ ಕನ್ನಡದ ಕ್ರಿಯಾಪದಗಳು ಬೇಕು ಎಂಬುದು ನನ್ನ ನಿಲುವು.

ನನ್ನ ಮುಖ್ಯ ಪ್ರಶ್ನೆ ‘ಬಗ್’ ಕುರಿತು. ದೋಷ, ಲೋಪ, ಹುಳುಕು ಎಲ್ಲವೂ ಇವೆ. ‘ಹುಳುಕು’ ಎಂಬುದರಲ್ಲಿ ಹುಳುವೂ ಕೂತಿರುವುದರಿಂದ ಮೊದಲಿಗೆ ಆಸೆಯಾಯಿತು. ಆದರೆ ಆಪ್ಟಿಮೈಜರಿನಲ್ಲಿ ಬಗ್ ಎಂದು ದಾಖಲಾಗುವುದು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸಂಗತಿ. ಇಂಗ್ಲಿಷ್ ಅವೆರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದೆ, ಕನ್ನಡ ಕಟ್ಟಬೇಕಿಲ್ಲ ಅನ್ನಿಸುತ್ತದೆ. ಎರಡನ್ನೂ ಹತ್ತಿರದಿಂದ ತೋರಿಸುತ್ತೇನೆ.

ಒಂದು ಗ್ರಂಥಾಲಯ ಎಂದುಕೊಳ್ಳಿ. ಪುಸ್ತಕಗಳ ಟೇಬಲ್ಲಿನಲ್ಲಿ ಪ್ರತಿ ಪುಸ್ತಕದ ಎದುರು ‘ಎಷ್ಟು ಸಲ ಎರವಲು ಹೋಗಿದೆ’ ಎಂಬ ಸಂಖ್ಯೆ ಇದೆ. ಎರವಲುಗಳದ್ದೇ ಬೇರೆ ಟೇಬಲ್ಲಿದೆ, ಒಂದು ಎರವಲಿಗೆ ಒಂದು ಸಾಲು. ಬರೆದ ಸಂಖ್ಯೆಯೂ ಎಣಿಸಿದ ಸಾಲೂ ತಾಳೆಯಾಗುವ ಪುಸ್ತಕಗಳನ್ನು ಕೊಡು ಎನ್ನುತ್ತೇವೆ. ಒಂದೊಂದೇ ಪುಸ್ತಕ ಹಿಡಿದು ಎರವಲು ಎಣಿಸುತ್ತ ಕೂತರೆ ನಿಧಾನ. ಇಂಥ ಒಳಕ್ವೆರಿಗಳನ್ನು ಬಿಡಿಸಿ ಚಪ್ಪಟೆ ಮಾಡುವ ಉಪಾಯವನ್ನು ವೊನ್ ಕಿಮ್ 1982ರಲ್ಲಿ ಬರೆದರು: ಎರವಲುಗಳನ್ನೆಲ್ಲ ಮೊದಲೇ ಪುಸ್ತಕವಾರು ಗುಂಪು ಮಾಡಿ ಎಣಿಸಿಟ್ಟುಕೊಂಡು, ಆಮೇಲೆ ಪುಸ್ತಕಗಳಿಗೆ ಜೋಡಿಸು. ವೇಗವೇನೋ ಬಂತು. ಆದರೆ ಒಮ್ಮೆಯೂ ಎರವಲು ಹೋಗದ ಪುಸ್ತಕದ ಎದುರು ಬರೆದದ್ದೂ ಸೊನ್ನೆ, ಎಣಿಸಿದರೂ ಸೊನ್ನೆ, ಅದು ಉತ್ತರದಲ್ಲಿ ಬರಲೇಬೇಕು. ಗುಂಪು ಮಾಡಿದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲವಾದ್ದರಿಂದ ಜೋಡಿಸುವಾಗ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಇದೇ ‘ಕೌಂಟ್ ಬಗ್’ ಎಂದು ಹೆಸರಾದದ್ದು. 1987ರಲ್ಲಿ ಗ್ಯಾನ್ಸ್ಕಿ ಮತ್ತು ವಾಂಗ್ ಔಟರ್ ಜಾಯಿನ್ (ಜೋಡಿ ಸಿಗದ ಸಾಲನ್ನೂ ಬಿಡದೆ, ಜೋಡಿಯ ಜಾಗ ಖಾಲಿ ಇಟ್ಟು ಉಳಿಸಿಕೊಳ್ಳುವ ಜೋಡಣೆ) ಬಳಸಿ ಇದಕ್ಕೆ ಪರಿಹಾರ ಕೊಟ್ಟರು. ಅಲ್ಲಿಯೂ ಒಂದು ಸೂಕ್ಷ್ಮವಿದೆ: ಜೋಡಿಸಿದ ಮೇಲೆ ಸಾಲುಗಳನ್ನು ಎಣಿಸಿದರೆ ಎರವಲೇ ಹೋಗದ ಪುಸ್ತಕಕ್ಕೆ ಒಂದು ಎಂದು ಬರುತ್ತದೆ, ಎರವಲಿನ ಕಾಲಮ್ಮನ್ನು ಎಣಿಸಿದರೆ ಮಾತ್ರ ಸೊನ್ನೆ ಬರುತ್ತದೆ.

ಇಲ್ಲಿ ಉತ್ತರವೇ ಸುಳ್ಳಾಯಿತು. ಎಷ್ಟು ವೇಗವಾಗಿ ಬಂದರೂ ಕ್ಷಮೆಯಿಲ್ಲ.

ಇನ್ನು ಎರಡನೆಯದು. ವಿಳಾಸಗಳ ಟೇಬಲ್ಲಿನಲ್ಲಿ ಹತ್ತು ಲಕ್ಷ ಸಾಲು. ಜಿಲ್ಲೆ ಶಿವಮೊಗ್ಗ, ತಾಲ್ಲೂಕು ಸಾಗರ ಇರುವವನ್ನು ಕೊಡು ಎಂದೆವು. ಶಿವಮೊಗ್ಗ ಜಿಲ್ಲೆಯ ಸಾಲುಗಳು ಇಪ್ಪತ್ತರಲ್ಲಿ ಒಂದು, ಸಾಗರ ತಾಲ್ಲೂಕಿನವು ನೂರರಲ್ಲಿ ಒಂದು ಎಂದಿಟ್ಟುಕೊಳ್ಳಿ. ಆಪ್ಟಿಮೈಜರ್ ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ಷರತ್ತುಗಳೆಂದು ನಂಬಿ ಗುಣಿಸಿಬಿಡುತ್ತದೆ: ಎರಡು ಸಾವಿರದಲ್ಲಿ ಒಂದು, ಅಂದರೆ 500 ಸಾಲು. ಸಾಗರವಿರುವುದೇ ಶಿವಮೊಗ್ಗ ಜಿಲ್ಲೆಯಲ್ಲಿ ಎಂದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ನಿಜವಾಗಿ ಬರುವುದು 10,000. ಐನೂರೇ ತಾನೆ ಎಂದು ಒಂದೊಂದು ಸಾಲಿಗೂ ಅದಕ್ಕೆ ಜೋಡಿಸಬೇಕಾದ ಇನ್ನೊಂದು ಟೇಬಲ್ಲಿಗೆ ಹೋಗಿ ಹುಡುಕಿ ಬರುವ ಹಾದಿ ಹಿಡಿಯುತ್ತದೆ. ಅದರ ಮೇಲೆ ಇನ್ನೊಂದು ಜೋಡಣೆ, ಮತ್ತೊಂದು ಜೋಡಣೆ ಬಂದಂತೆ ಈ ಇಪ್ಪತ್ತು ಪಟ್ಟಿನ ವ್ಯತ್ಯಾಸ ಬೆಳೆಯುತ್ತ ಹೋಗುತ್ತದೆ. ನಾನು ಹಿಂದೆ ದುಡಿಯುತ್ತಿದ್ದ ಕಡೆ ಇಂಥದ್ದೇ ಒಂದು ರಿಪೋರ್ಟಿಗಾಗಿ ಇಬ್ಬರು ಮೂರು ರಾತ್ರಿ ಕೂತಿದ್ದೆವು. ಹಿಡಿದ ಹಾದಿಯ ಒಂದೊಂದು ಹೆಜ್ಜೆಯನ್ನೂ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಆಜ್ಞೆ ಕೊಟ್ಟಾಗ ಒಂದೇ ಗೆರೆಯಲ್ಲಿ ಅಂದಾಜಿನ ಸಾಲು, ನಿಜದ ಸಾಲು ಎರಡೂ ಪಕ್ಕಪಕ್ಕ ಕಾಣುತ್ತವೆ. ಮೇಲಿನ ಗೆರೆಗಳನ್ನು ನೋಡಿ ಗಾಬರಿಯಾಗದೆ, ಅತ್ಯಂತ ಒಳಗಿನ ಗೆರೆಯಿಂದ ಹೊರಗೆ ಬರುತ್ತ ಎರಡೂ ಸಂಖ್ಯೆ ಮೊದಲು ಎಲ್ಲಿ ಬೇರೆಯಾದವು ಎಂದು ನೋಡಬೇಕು. ಅಲ್ಲೇ ರೋಗದ ಮೂಲ. ಆ ಮೂರು ರಾತ್ರಿ ಕಲಿತ ಈ ಒಂದು ವಿಷಯಕ್ಕಾಗಿಯೇ ಕೈಪಿಡಿ ಬರೆಯಲು ಕೂತೆ ಎಂದರೂ ಸರಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಹತ್ತನೇ ಆವೃತ್ತಿಯಿಂದ, ಅಂದರೆ 2017ರಿಂದ, ‘ಈ ಕಾಲಮ್ಮು ಆ ಕಾಲಮ್ಮಿಗೆ ಅಂಟಿಕೊಂಡಿದೆ’ ಎಂಬುದನ್ನು ಅಂಕಿಅಂಶದಲ್ಲಿ ದಾಖಲಿಸಿಕೊಳ್ಳುವಂತೆ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಆಜ್ಞೆಯಿಂದ ಹೇಳಬಹುದು.

ಇಲ್ಲಿ ಉತ್ತರ ಸರಿಯಾಗಿಯೇ ಬಂತು. ಯಾವ ಕೋಡಿನ ಸಾಲನ್ನೂ ಬೆರಳಿಟ್ಟು ‘ಇದು ತಪ್ಪು’ ಎನ್ನುವಂತಿಲ್ಲ. ಹಾಗಿದ್ದರೂ ಕೆಲಸ ಕೆಟ್ಟಿತು.

ಈಗ ನನಗೆ ಹೊಳೆದದ್ದು. ನಮ್ಮಲ್ಲಿ ‘ತಪ್ಪು’ ನಾಮಪದವೂ ಹೌದು, ಕ್ರಿಯಾಪದವೂ ಹೌದು, ಎರಡರ ಅರ್ಥ ಒಂದೇ ಅಲ್ಲ. ‘ಲೆಕ್ಕ ತಪ್ಪಾಗಿದೆ’ ಎಂದರೆ ಲೆಕ್ಕದಲ್ಲಿ ದೋಷವಿದೆ. ‘ಗುರಿ ತಪ್ಪಿತು’, ‘ತಾಳ ತಪ್ಪಿತು’, ‘ಹದ ತಪ್ಪಿತು’, ‘ಬಸ್ಸು ತಪ್ಪಿತು’ ಎಂದರೆ ಸೇರಬೇಕಾದಲ್ಲಿಗೆ ಸೇರಲಿಲ್ಲ, ಜಾರಿತು ಎಂದಷ್ಟೇ. ಬಾಣ ಬಿಟ್ಟವನ ಕೈ ಸರಿಯಿದ್ದೂ ಗುರಿ ತಪ್ಪಬಹುದು. ಹಾಗಾದರೆ ಕೌಂಟ್ ಬಗ್‌ನಂಥದಕ್ಕೆ ‘ಉತ್ತರ ತಪ್ಪಾಗಿದೆ’, ಸಾಗರದ ಉದಾಹರಣೆಯಂಥದಕ್ಕೆ ‘ಅಂದಾಜು ತಪ್ಪಿದೆ’ ಎಂದು ಕೈಪಿಡಿಯುದ್ದಕ್ಕೂ ಕಟ್ಟುನಿಟ್ಟಾಗಿ ಬೇರೆ ಇಟ್ಟರೆ ಹೇಗೆ? ನಾಮಪದ ಬೇಕಾದಲ್ಲಿ ‘ತಪ್ಪುತ್ತರ’ ಮತ್ತು ‘ಅಂದಾಜು ತಪ್ಪುವಿಕೆ’. ಎರಡನೆಯದು ಉದ್ದವಾಯಿತು, ಚಿಕ್ಕದಿದ್ದರೆ ಕೊಡಿ.

ಇದಕ್ಕೆ ಬರಬಹುದಾದ ಆಕ್ಷೇಪ ನನಗೇ ಕಾಣುತ್ತಿದೆ: ‘ಕೊಟ್ಟ ಮಾತಿಗೆ ತಪ್ಪಿದ’ ಎಂಬಲ್ಲಿ ಕ್ರಿಯಾಪದವಿದ್ದರೂ ಅಪರಾಧದ ಭಾವವಿದೆಯಲ್ಲ? ಅಲ್ಲಿ ಕರ್ತೃ ಮನುಷ್ಯ, ಮಾತು ಚತುರ್ಥಿಯಲ್ಲಿದೆ. ‘ಗುರಿ ತಪ್ಪಿತು’ ಎಂಬಲ್ಲಿ ವಸ್ತುವೇ ಕರ್ತೃ. ವಸ್ತು ಕರ್ತೃವಾದಾಗ ಹೊಣೆ ಹೊರಿಸುವ ಅರ್ಥ ಕಳಚಿಹೋಗುತ್ತದೆ ಎಂದು ನನ್ನ ಗ್ರಹಿಕೆ. ವ್ಯಾಕರಣ ಬಲ್ಲವರು ಇದನ್ನು ಒಪ್ಪುತ್ತೀರಾ? ಇದಕ್ಕೆ ಎದುರಾಗುವ ಪ್ರಯೋಗಗಳು ಹಳಗನ್ನಡದಲ್ಲೋ ನಿಮ್ಮ ಕಡೆಯ ಆಡುಮಾತಿನಲ್ಲೋ ಇದ್ದರೆ ಅವಶ್ಯ ಬರೆಯಿರಿ.

ಇದರ ಜೊತೆಗೆ ಬರುವುದು ‘ರಿಗ್ರೆಷನ್’. ಒಂದು ಕ್ವೆರಿಗೆಂದು ಅಂದಾಜಿನ ಸೂತ್ರ ತಿದ್ದಿದರೆ, ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದ ಬೇರೆ ಹತ್ತು ಕ್ವೆರಿಗಳ ಹಾದಿ ಬದಲಾಗಬಹುದು. ಎರಡು ತಪ್ಪು ಅಂದಾಜುಗಳು ಒಂದನ್ನೊಂದು ಸರಿದೂಗಿಸಿಕೊಂಡು ನಡೆದಿರುತ್ತವೆ, ನಾವು ಒಂದನ್ನು ಮಾತ್ರ ಸರಿಮಾಡಿರುತ್ತೇವೆ. ‘ಹಿಂಜರಿತ’ ಎಂದು ಬರೆದದ್ದನ್ನು ನೋಡಿದ್ದೇನೆ, ಅದು ಅರ್ಥಶಾಸ್ತ್ರಕ್ಕೆ ಹೋಗಿಬಿಟ್ಟಿದೆ. ‘ಮರುಕಳಿಕೆ’ ಎಂದರೆ ಬಿಟ್ಟ ಜ್ವರ ಮತ್ತೆ ಬಂದದ್ದು, ಅಂದರೆ ಹಳೆಯ ಬಗ್ಗೇ ತಿರುಗಿ ಬಂದಾಗ ಸರಿಹೊಂದುತ್ತದೆ. ನೆಟ್ಟಗಿದ್ದದ್ದು ಕೆಟ್ಟರೆ? ಅದಕ್ಕೆ ‘ಹದಗೆಟ್ಟಿತು’ ಎಂಬ ಮಾತು ಮನೆಯಲ್ಲೇ ಇದೆ. ರಸ್ತೆ ಹದಗೆಡುತ್ತದೆ, ಆರೋಗ್ಯ ಹದಗೆಡುತ್ತದೆ, ಹಾಗೆಯೇ ‘ಆವೃತ್ತಿ ಬದಲಾದ ಮೇಲೆ ಈ ಕ್ವೆರಿಯ ಪ್ಲಾನ್ ಹದಗೆಟ್ಟಿದೆ’. ಇದರಲ್ಲಿ ನನಗೆ ಸಂಶಯವಿಲ್ಲ, ಸುಮ್ಮನೆ ಹಂಚಿಕೊಳ್ಳುತ್ತಿದ್ದೇನೆ. ಆಪ್ಟಿಮೈಜರ್ ಆರಿಸಿಕೊಂಡ ಹಾದಿಗೆ ಹೇಳುವ ‘ಪ್ಲಾನ್’ ಎಂಬುದನ್ನು ‘ಯೋಜನೆ’ ಮಾಡಿಲ್ಲ. ಯೋಜನೆ ಎಂದ ಕೂಡಲೇ ಸರ್ಕಾರದ ಫಲಾನುಭವಿಗಳ ಪಟ್ಟಿ ಕಣ್ಣಮುಂದೆ ಬರುತ್ತದೆ.

‘ಸೆಲೆಕ್ಟಿವಿಟಿ’ ಹೆಚ್ಚು ಕಾಡಿದ ಪದ. ಷರತ್ತಿನ ಜರಡಿಗೆ ಹಾಕಿದ ಸಾಲುಗಳಲ್ಲಿ ಎಷ್ಟು ಪಾಲು ಉಳಿಯುತ್ತದೆ ಎಂಬ ಸಂಖ್ಯೆ ಅದು. ಇಂಗ್ಲಿಷಿನಲ್ಲೇ ಇದೊಂದು ಗೊಂದಲದ ಗೂಡು: ಆಡುಮಾತಿನಲ್ಲಿ ಸೆಲೆಕ್ಟಿವಿಟಿ ‘ಹೆಚ್ಚು’ ಎಂದರೆ ಕೆಲವೇ ಸಾಲು ಉಳಿದವು ಎಂದರ್ಥ, ಸೂತ್ರದಲ್ಲಿ ಮಾತ್ರ ಆಗ ಸಂಖ್ಯೆ ಚಿಕ್ಕದಾಗಿರುತ್ತದೆ. ಹೊಸಬರು ಇಲ್ಲಿ ಮುಗ್ಗರಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ‘ಆಯ್ಕೆತನ’ ಎಂದು ಅನುವಾದಿಸಿದರೆ ಅದೇ ಗೊಂದಲವನ್ನು ಹೊತ್ತು ತಂದಂತೆ.

ನನ್ನ ಸಲಹೆ ‘ಇಳುವರಿ’. ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವವರಿಗೆಲ್ಲ ಈ ಲೆಕ್ಕ ಬಾಯಿಪಾಠ: ಟನ್ ಕಬ್ಬಿಗೆ ನೂರು ಕಿಲೋ ಸಕ್ಕರೆ ಬಂದರೆ ಇಳುವರಿ ಶೇ 10. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಅದರ ಪಾಲು. ‘ಈ ಷರತ್ತಿನ ಇಳುವರಿ ನೂರಕ್ಕೆ ಒಂದು’ ಎಂದರೆ ಯಾರಿಗೂ ತಲೆಕೆಳಗಾಗಿ ಕೇಳಿಸುವುದಿಲ್ಲ. ಸಿಸ್ಟಮ್ ಆರ್‌ನಲ್ಲಿ ಅಂಕಿಅಂಶ ಕೈಯಲ್ಲಿಲ್ಲದಾಗ ಸಮ ಎಂಬ ಷರತ್ತಿಗೆ ಹತ್ತರಲ್ಲಿ ಒಂದು, ಹೆಚ್ಚು ಕಡಿಮೆ ಎಂಬ ಹೋಲಿಕೆಗೆ ಮೂರರಲ್ಲಿ ಒಂದು, ಇಂತಿಷ್ಟರಿಂದ ಇಂತಿಷ್ಟು ಎಂಬುದಕ್ಕೆ ನಾಲ್ಕರಲ್ಲಿ ಒಂದು ಎಂದು ಹಾಕಿಕೊಳ್ಳುತ್ತಿದ್ದರು. ಹೀಗೆ ಆಧಾರವಿಲ್ಲದೆ ಹಾಕಿಕೊಳ್ಳುವ ಇಳುವರಿಗೆ ‘ಕಣ್ಣಳತೆ’ ಎನ್ನಬಹುದು. ಇರುವ ಒಂದೇ ಅಳುಕು: ರೈತನಿಗೆ ಇಳುವರಿ ಹೆಚ್ಚಿದಷ್ಟೂ ಒಳ್ಳೆಯದು, ಇಲ್ಲಿ ಆ ಮೌಲ್ಯಭಾವ ಬರಬಾರದು. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಂತ ಹರಿತ್ಸ ಅವರ ತಂಡ ‘ಪಿಕಾಸೊ’ ಎಂಬ ಸಾಧನವನ್ನು ಕಟ್ಟಿತು. ಇಳುವರಿ ಬದಲಾದಂತೆ ಆಪ್ಟಿಮೈಜರ್ ಯಾವ ಪ್ಲಾನಿಗೆ ಜಿಗಿಯುತ್ತದೆ ಎಂಬುದನ್ನು ಅದು ಬಣ್ಣಬಣ್ಣದ ನಕ್ಷೆಯಾಗಿ ತೋರಿಸುತ್ತದೆ, ಒಂದು ಬಣ್ಣ ಒಂದು ಪ್ಲಾನು. 2005ರಲ್ಲಿ ಅವರು ಪ್ರಕಟಿಸಿದ ಆ ನಕ್ಷೆಗಳಲ್ಲಿ ಗಡಿಗಳು ಎಷ್ಟು ಅಂಕುಡೊಂಕು, ತುಂಡುತುಂಡು ಎಂಬುದನ್ನು ನೋಡಿದರೆ, ಅಂದಾಜು ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ ಬಣ್ಣಕ್ಕೆ ಹೇಗೆ ಬೀಳುತ್ತೇವೆ ಎಂಬುದು ತಿಳಿಯುತ್ತದೆ. ಆ ಗಡಿಗಳಿಗೆ ಕ್ರಯಪತ್ರದ ‘ಚೆಕ್ಕುಬಂದಿ’ ಎಂಬ ಪದ ನನಗೆ ಬಹಳ ಹಿಡಿಸಿದೆ: ‘ಈ ಪ್ಲಾನಿನ ಚೆಕ್ಕುಬಂದಿ ಎಲ್ಲಿಂದ ಎಲ್ಲಿಗೆ?’

ಕೊನೆಯದು ‘ನಲ್’, ಅಂದರೆ ಏನನ್ನೂ ತುಂಬದ ಜಾಗಕ್ಕೆ ಡೇಟಾಬೇಸ್ ಇಡುವ ಗುರುತು. ಬಹಳ ಕಡೆ ‘ಶೂನ್ಯ’ ಎಂದು ಬರೆದಿದ್ದಾರೆ. ದಯವಿಟ್ಟು ಬೇಡ. ಶೂನ್ಯವೆಂದರೆ ಸೊನ್ನೆಯೂ ಹೌದು, ಸೊನ್ನೆ ಮತ್ತು ನಲ್ ಒಂದೇ ಎಂದುಕೊಂಡರೆ ಮೇಲೆ ಹೇಳಿದ ಗ್ರಂಥಾಲಯದ ಕಥೆ ಅರ್ಥವೇ ಆಗುವುದಿಲ್ಲ. ಕನ್ನಡಕ್ಕೆ ‘ಅಲ್ಲ’ ಮತ್ತು ‘ಇಲ್ಲ’ ಎಂಬ ಎರಡು ನಿಷೇಧಗಳಿರುವುದು ಇಲ್ಲಿ ದೊಡ್ಡ ವರ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಮ್ಯಾನುಯೆಲ್ ರಿಗರ್ ಮತ್ತು ಜೆಂಡಾಂಗ್ ಸು 2020ರಲ್ಲಿ ತಪ್ಪುತ್ತರಗಳನ್ನು ಹಿಡಿಯುವ ಒಂದು ಸರಳ ಪರೀಕ್ಷೆ ಕೊಟ್ಟರು. ಯಾವುದೇ ಷರತ್ತು ತೆಗೆದುಕೊಳ್ಳಿ. ಅದು ನಿಜವಿರುವ ಸಾಲುಗಳು, ಸುಳ್ಳಿರುವ ಸಾಲುಗಳು, ನಲ್ ಆಗಿರುವ ಸಾಲುಗಳು, ಮೂರನ್ನೂ ಬೇರೆಬೇರೆ ಕೇಳಿ ಕೂಡಿಸಿದರೆ ಷರತ್ತೇ ಇಲ್ಲದೆ ಕೇಳಿದಾಗ ಬಂದದ್ದಕ್ಕೆ ಸಮವಾಗಬೇಕು. ಆಗದಿದ್ದರೆ ಎಲ್ಲೋ ಬಗ್ ಇದೆ. ನನ್ನ ಕರಡಿನಲ್ಲಿ ಇದು ‘ಹೌದು, ಅಲ್ಲ, ತಿಳಿಯದು’ ಎಂದಾಗಿದೆ. ಆದರೆ ಔಟರ್ ಜಾಯಿನ್ ಮಾಡಿದಾಗ ಹುಟ್ಟುವ ನಲ್ ‘ತಿಳಿಯದು’ ಅಲ್ಲ, ಅದು ‘ಇಲ್ಲ’. ಒಂದೇ ನಲ್‌ಗೆ ಎರಡು ಕನ್ನಡ ಪದ ಇಟ್ಟು ಅರ್ಥ ಬಿಡಿಸಲೇ, ಅಥವಾ ‘ನಲ್’ ಎಂದೇ ಬಿಟ್ಟು ಪಕ್ಕದಲ್ಲಿ ವಿವರಿಸಲೇ? ನನಗೆ ಮೊದಲನೆಯದರ ಕಡೆ ಒಲವು, ಕಲಿಯುವವರಿಗೆ ಹೊರೆಯಾದೀತೆಂಬ ಭಯವೂ ಇದೆ.

ಮಲೆನಾಡಿನ ಸದಸ್ಯರಿಗೆ ಒಂದು ವಿಶೇಷ ಕೋರಿಕೆ. ಅಡಿಕೆ ತೋಟವನ್ನು ಚೇಣಿ (ಫಸಲಿನ ಗುತ್ತಿಗೆ) ಹಿಡಿಯುವವರು ತೋಟದಲ್ಲಿ ಒಂದು ಸುತ್ತು ಓಡಾಡಿ, ಕೆಲವು ಮರಗಳ ಗೊನೆ ನೋಡಿ, ಇಷ್ಟು ಕ್ವಿಂಟಲ್ ಆಗುತ್ತದೆ ಎನ್ನುತ್ತಾರಲ್ಲ, ಆಪ್ಟಿಮೈಜರ್ ಮಾಡುವುದೂ ಅದನ್ನೇ. 2015ರಲ್ಲಿ ವಿಕ್ಟರ್ ಲೈಸ್ ಮತ್ತು ಸಂಗಡಿಗರು 113 ಕ್ವೆರಿಗಳನ್ನು ಹಲವು ಡೇಟಾಬೇಸ್‌ಗಳಲ್ಲಿ ಹಾಕಿ ನೋಡಿದಾಗ, ಜೋಡಣೆಗಳು ಹೆಚ್ಚಾದಂತೆ ಅಂದಾಜು ನಿಜಕ್ಕಿಂತ ಕಡಿಮೆ ಬೀಳುವುದೇ ಜಾಸ್ತಿ ಎಂದು ಕಂಡಿತು. ಕಡಿಮೆ ಬಿದ್ದಾಗಿನ ಪೆಟ್ಟೇ ಜೋರು. ಹಾಗಾಗಿ ಅಂದಾಜು ಕಡಿಮೆಯಾದದ್ದಕ್ಕೆ ಒಂದು ಮಾತು, ಮೀರಿದ್ದಕ್ಕೆ ಇನ್ನೊಂದು ಮಾತು ಬೇಕಾಗಿದೆ. ಚೇಣಿಯವರ ಬಾಯಲ್ಲಿ, ಅಥವಾ ಖೇಣಿ ಎನ್ನುವ ಕಡೆಯವರ ಬಾಯಲ್ಲಿ, ಹೇಳಿದ್ದಕ್ಕಿಂತ ಹೆಚ್ಚು ಬೆಳೆ ಬಂದಾಗ, ಕಡಿಮೆ ಬಂದಾಗ ಏನನ್ನುತ್ತಾರೆ? ಕೇಳಿದ ಹಾಗೆಯೇ, ಊರಿನ ಹೆಸರಿನ ಸಮೇತ ಬರೆದು ಕಳಿಸಿದರೆ ಉಪಕಾರವಾಗುತ್ತದೆ.