ಮೂರನೇ ಸಲವೂ ತುಕ್ಕು ವಾಪಸ್! 1858ರ ಕೇಪಿನ ಪಿಸ್ತೂಲು, ಯಾರಾದರೂ ದಾರಿ ಹೇಳಿ

ಜಯನಗರ_ಸಂಗ್ರಹ (ನವೆಂಬರ್ 9)
ಸಾಕಾಗಿ ಹೋಗಿದೆ. ‘ಟವರ್’ ಅನ್ನುವ ಮುದ್ರೆ ಇರುವ ನನ್ನ ಪಿಸ್ತೂಲಿಗೆ ಮತ್ತೆ ತುಕ್ಕು ಬಂದಿದೆ. ಒರೆಸಿ, ಎಣ್ಣೆ ಹಚ್ಚಿ ಇಡುತ್ತೇನೆ. ಹತ್ತು ದಿನಕ್ಕೆ ಮತ್ತೆ ಕೆಂಪು. ಇಡೀ ನಳಿಗೆಗೆ ಬಂದಿಲ್ಲ. ಮೇಲ್ಭಾಗದಲ್ಲಿ ಪಟ್ಟೆ ಪಟ್ಟೆಯಾಗಿ, ನಿಪ್ಪಲ್ (ಸಿಡಿಯುವ ಕೇಪು ಕೂರಿಸುವ ಪುಟ್ಟ ಕೊಳವೆ) ಬುಡದಲ್ಲಿ ಸ್ವಲ್ಪ. ಇಷ್ಟು ವರ್ಷ ಇರಲಿಲ್ಲ. ಏನು ತಪ್ಪು ಮಾಡುತ್ತಿದ್ದೇನೆ?

ಕೇಪು_ಮದ್ದು
ನಿಪ್ಪಲ್ ಬುಡ ಅಂದಮೇಲೆ ಅನುಮಾನವೇ ಇಲ್ಲ, ಕೇಪಿನ ಉಪ್ಪು. ಆಗಿನ ಕೇಪಿನಲ್ಲಿ ಪಾದರಸದ ಫಲ್ಮಿನೇಟ್ ಜೊತೆ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಥರ ಅದೂ ತೇವ ಎಳೆಯುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಎಣ್ಣೆ ಸುಮ್ನೆ ಅದರ ಮೇಲೆ ಮುಚ್ಚಿಕೊಳ್ಳುತ್ತದೆ ಅಷ್ಟೇ. ನಿಪ್ಪಲ್ ಬಿಚ್ಚಿ, ನಳಿಗೆಗೆ ಬಿಸಿನೀರು ಬಿಡಿ.

ಮಲ್ಲೇಶ್ವರಂ_ಮೇಷ್ಟ್ರು
ಯಾವ ಎಣ್ಣೆ? ಎಲ್ಲಿ ಇಟ್ಟಿದ್ದೀರಿ? ಲೈಸೆನ್ಸ್ ವಿಚಾರ ಏನು?

ಜಯನಗರ_ಸಂಗ್ರಹ
ಹೊಲಿಗೆ ಮಷಿನ್ ಎಣ್ಣೆ. ಹಾಲ್‌ನಲ್ಲಿ ಗಾಜಿನ ಬೀರು. ನಳಿಗೆಯ ಹಿಂಭಾಗ ಮತ್ತು ನಿಪ್ಪಲ್ ತೂತು ಎರಡನ್ನೂ ಬೆಸುಗೆ ಹಾಕಿ ಮುಚ್ಚಿದ್ದಾರೆ. ತಾತನ ಕಾಲದಿಂದ ಒಂದು ಕೇಪೂ ಹೊಡೆದಿಲ್ಲ.

ಕೇಪು_ಮದ್ದು
ತಾತನಿಗಿಂತ ಮುಂಚೆ ಹೊಡೆದಿರುತ್ತಾರಲ್ಲ ಸಾರ್. ಕಬ್ಬಿಣದ ಗುಳಿಗಳಲ್ಲಿ ಉಪ್ಪು ಕೂತಿರುತ್ತದೆ. ನೀರು ಬಿಡಿ.

ಮಲ್ಲೇಶ್ವರಂ_ಮೇಷ್ಟ್ರು
ಬೆಸುಗೆ ಹಾಕಿದ ನಳಿಗೆಗೆ ನೀರು ಬಿಟ್ಟರೆ ತಳದಲ್ಲೇ ನಿಲ್ಲುತ್ತದೆ, ದಯವಿಟ್ಟು ಬಿಡಬೇಡಿ. ಇನ್ನೊಂದು ಮಾತು, ಹೊಸಬರೂ ಓದುತ್ತಿರುತ್ತಾರೆ ಅಂತ ಹೇಳುತ್ತಿದ್ದೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಹಳೇದು ಅನ್ನುವುದೊಂದೇ ಸಾಲದು. ರಿಪೇರಿ ಮಾಡಿದರೂ ಹೊಡೆಯಲು ಬರಬಾರದು. ಆಗ ಮಾತ್ರ ವಿನಾಯಿತಿ.

ದಂಡು_ಪ್ರದೇಶ
ಟವರ್ ಅಂದರೆ ಲಂಡನ್ ಟವರ್‌ನಲ್ಲೇ ಮಾಡಿದ್ದು, ಒಳ್ಳೇ ಪೀಸು. ನನ್ನದು ಈಸ್ಟ್ ಇಂಡಿಯಾ ಕಂಪನಿಯದು. ನಳಿಗೆಯ ಒಳವ್ಯಾಸ 0.65 ಇಂಚು, ಲಾಕ್ (ಹೊಡೆಯುವ ಯಂತ್ರ) ಮೇಲೆ ಕಿರೀಟ ಹಿಡಿದು ನಿಂತ ಸಿಂಹ. ಬೀರುವಿನಲ್ಲಿ ಎಲ್‌ಇಡಿ ದೀಪ, ಎಸ್‌.ಪಿ. ರೋಡಿನಲ್ಲಿ ತಂದ ತೇವದ ಮೀಟರು, ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಹಸಿರಾದರೆ ಓವನ್‌ನಲ್ಲಿ ಒಣಗಿಸುತ್ತೇನೆ. ವರ್ಷವಿಡೀ ತೇವ ಶೇಕಡಾ 45 ದಾಟಲು ಬಿಡುವುದಿಲ್ಲ. ನಿಮ್ಮದು ತೇವದ ಸಮಸ್ಯೆಯೇ.

ಮಲ್ಲೇಶ್ವರಂ_ಮೇಷ್ಟ್ರು
ಟವರ್ ಮುದ್ರೆ ಇದ್ದ ಮಾತ್ರಕ್ಕೆ ಅಲ್ಲೇ ತಯಾರಾಯಿತು ಅನ್ನಲು ಬರುವುದಿಲ್ಲ. ಎಷ್ಟೋ ಭಾಗಗಳು ಬರ್ಮಿಂಗ್‌ಹ್ಯಾಮ್‌ನಿಂದ ಬರುತ್ತಿದ್ದವು.

ದಂಡು_ಪ್ರದೇಶ
ಜೋಡಿಸಿದ್ದು ಟವರ್‌ನಲ್ಲೇ ತಾನೇ? ನಾನು ಹೇಳಿದ್ದೂ ಅದೇ.

ಮಲ್ಲೇಶ್ವರಂ_ಮೇಷ್ಟ್ರು
ನೀವು ಹೇಳಿದ್ದು ‘ಮಾಡಿದ್ದು’ ಅಂತ. ಮೇಲೆ ಓದಿ ನೋಡಿ.

ಹಳೇ_ಕಬ್ಬಿಣ
ಅದು ಆಮೇಲೆ ಇರಲಿ. ತೇವ ಒಂದೇ ಕಾರಣವಾದರೆ ನಳಿಗೆಗೆಲ್ಲ ಹಿಡಿಯಬೇಕಿತ್ತು. ಜಯನಗರದವರೇ, ಪಟ್ಟೆ ಎಷ್ಟಿವೆ? ಬೆರಳಗಲದ ಮೂರು ಪಟ್ಟೆ, ಅಲ್ವಾ? ಆಯುಧ ಪೂಜೆಗೆ ಇಟ್ಟಿದ್ರಾ?

ಜಯನಗರ_ಸಂಗ್ರಹ
ಅಯ್ಯೋ, ಹೌದು. ಮೂರೇ ಪಟ್ಟೆ. ಅಮ್ಮ ವಿಭೂತಿ ನೆನೆಸಿ ನಳಿಗೆ ಮೇಲೆ ಎಳೆದಿದ್ದರು, ನಿಪ್ಪಲ್ ಪಕ್ಕ ಕುಂಕುಮ ಇಟ್ಟಿದ್ದರು. ಪ್ರತಿ ವರ್ಷ ಮಾಡುತ್ತೇವಲ್ಲ, ಅದಕ್ಕೇ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಬೇರೆ ವರ್ಷ ಮಾರನೇ ದಿನ ಒರೆಸಿಬಿಡುತ್ತಿದ್ದೆ. ಈ ಸಲ ಪೂಜೆ ಮುಗಿಸಿ ಹದಿನೈದು ದಿನ ಊರಿಗೆ ಹೋಗಿದ್ದೆವು. ಇಲ್ಲಿ ಒಂದೇ ಸಮನೆ ಮಳೆಯಂತೆ.

ಹಳೇ_ಕಬ್ಬಿಣ
ಸಿಕ್ಕಿತಲ್ಲ. ಬೂದಿಯಲ್ಲೂ ಪೊಟ್ಯಾಸಿಯಂ ಲವಣ ಇರುತ್ತದೆ. ನೀರಿನ ಜೊತೆ ಕಬ್ಬಿಣದ ಗುಳಿಗಳೊಳಗೆ ಇಳಿದಿದೆ. ನೀವು ಅದರ ಮೇಲೆ ಎಣ್ಣೆ ಹಚ್ಚುತ್ತಿದ್ದೀರಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಮೊದಲು ಎಣ್ಣೆ ತೆಗೆಯಿರಿ, ಆಮೇಲೆ ಹತ್ತಿ ಅದ್ದಿ ಹಿಂಡಿ ಪಟ್ಟೆ ಮೇಲಷ್ಟೇ ಒತ್ತಿ. ಪ್ರತಿ ಸಲ ಹೊಸ ಹತ್ತಿ. ಮರಕ್ಕೆ ನೀರು ಇಳಿಯಬಾರದು. ತಕ್ಷಣ ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ಎಣ್ಣೆ ಹಚ್ಚಿ. ಉಪ್ಪುಕಾಗದ ಮುಟ್ಟಲೇಬೇಡಿ, ಅಕ್ಷರಗಳ ಅಂಚು ಹೋದರೆ ಮತ್ತೆ ಬರುವುದಿಲ್ಲ. ಹಿಡಿಯ ಹಿತ್ತಾಳೆಗೆ ಹುಣಸೆಹಣ್ಣೂ ಬೇಡ.

ದಂಡು_ಪ್ರದೇಶ
ಅಂದರೆ ಪೂಜೆ ಮಾಡಬೇಡಿ ಅಂತೀರಾ?

ಹಳೇ_ಕಬ್ಬಿಣ
ಖಂಡಿತ ಇಲ್ಲ. ನಮ್ಮ ಮನೆಯಲ್ಲೂ ಮಾಡುತ್ತೇವೆ. ಮರದ ಮಣೆ ಮೇಲೆ ಪಿಸ್ತೂಲು ಇಟ್ಟು, ವಿಭೂತಿ ಕುಂಕುಮ ಮಣೆಗೆ ಹಚ್ಚುತ್ತೇವೆ. ಅಮ್ಮನಿಗೆ ಹೀಗೆ ಹೇಳಿ ನೋಡಿ, ಒಪ್ಪುತ್ತಾರೆ.

ಜಯನಗರ_ಸಂಗ್ರಹ (ನವೆಂಬರ್ 24)
ನಾಲ್ಕು ಸಲ ಒತ್ತಿದೆ. ಮೊದಲ ಹತ್ತಿ ಕಂದು ಬಣ್ಣಕ್ಕೆ ಬಂತು, ನಾಲ್ಕನೆಯದು ಬಿಳಿಯಾಗೇ ಇತ್ತು. ಹತ್ತು ದಿನವಾಯಿತು, ಪಟ್ಟೆ ವಾಪಸ್ ಬಂದಿಲ್ಲ. ಅಮ್ಮ ಮಣೆಗೆ ಒಪ್ಪಿದ್ದಾರೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಪ್ಪಲ್ ಬುಡದಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಕೆಂಪು ಇನ್ನೂ ಬರುತ್ತಿದೆ.

ಕೇಪು_ಮದ್ದು
ಅದು ಕೇಪಿನ ಉಪ್ಪು ಸಾರ್. ಮೊದಲೇ ಹೇಳಿದೆನಲ್ಲ. ಅಲ್ಲೂ ನಾಲ್ಕು ಸಲ ಒತ್ತಿ.